ಚೀಲದ ತಳದಲ್ಲಿ ಉಳಿದ ಗಸಿ



ನಿಮ್ಮ ಮೊದಲ ಹಾಲುಹಲ್ಲು ಬಿದ್ದ ದಿನ ನೆನಪಿದೆಯೇ? ನಾಲಿಗೆಯಿಂದ ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೊಮ್ಮೆ ಅದು ಕೈಗೆ ಬಂದಾಗ ಬಾಯಲ್ಲಿ ಒಂದಿಷ್ಟು ರಕ್ತ, ಅಮ್ಮ ಇಟ್ಟ ಹತ್ತಿಯ ಉಂಡೆ, ಹತ್ತು ನಿಮಿಷದಲ್ಲಿ ಎಲ್ಲವೂ ಸರಿ. ಹಲ್ಲನ್ನು ಹೆಂಚಿನ ಮೇಲೆ ಎಸೆದು ನಾವು ಆಟಕ್ಕೆ ಓಡಿದೆವು. ರಕ್ತ ನಿಂತದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಲ್ಲು ಬಿದ್ದಾಗ ಅವನ ಬಾಯಿಂದ ರಕ್ತ ಮೂರು ದಿನ ಒಸರಿತು. ಆಟದ ಪೀರಿಯಡ್ಡಿನಲ್ಲಿ ಅವನು ಮರದ ಕೆಳಗೆ ಕುಳಿತು ನಮ್ಮ ಚೀಲಗಳನ್ನು ಕಾಯುತ್ತಿದ್ದ. ವರ್ಷಕ್ಕೆ ಹಲವು ಬಾರಿ ಅವನ ಮಂಡಿ ಊದಿಕೊಳ್ಳುತ್ತಿತ್ತು, ವಾರಗಟ್ಟಲೆ ಶಾಲೆ ತಪ್ಪುತ್ತಿತ್ತು. ಅದು ಮನೆಪಾಠ ತಪ್ಪಿಸಿಕೊಳ್ಳುವ ನೆಪವೆಂದು ನಾವು ನಕ್ಕದ್ದೂ ಉಂಟು. ಏಳನೆಯ ತರಗತಿಯ ಹೊತ್ತಿಗೆ ಅವನ ಒಂದು ಕಾಲು ಮಡಚಿದಂತೆಯೇ ನಿಂತುಬಿಟ್ಟಿತು. ಅವನು ಶಾಲೆಗೆ ಬರುವುದೂ ನಿಂತಿತು.

ಅವನ ಕಾಯಿಲೆಯ ಹೆಸರು ಹಿಮೋಫಿಲಿಯಾ, ಕನ್ನಡದಲ್ಲಿ ಅದನ್ನು ಕುಸುಮ ರೋಗ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಇನ್ನೊಂದು ಸಂಗತಿ ತಿಳಿದದ್ದು ಅದಕ್ಕಿಂತಲೂ ತಡವಾಗಿ, ಒಂದು ಕಾರ್ಯಕ್ರಮಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ. ಅವನ ಮಂಡಿಯನ್ನು ಉಳಿಸಬಹುದಾಗಿದ್ದ ಒಂದು ಉಪಾಯ, ನಾವಿಬ್ಬರೂ ಹುಟ್ಟುವುದಕ್ಕಿಂತ ಬಹಳ ಮೊದಲೇ, 1964ರಲ್ಲಿಯೇ ಪ್ರಕಟವಾಗಿತ್ತು. ಅದಕ್ಕೆ ದೊಡ್ಡ ಕಾರ್ಖಾನೆ ಬೇಕಿರಲಿಲ್ಲ. ರಕ್ತನಿಧಿಯೊಂದರಲ್ಲಿ ಹಿಮಪೆಟ್ಟಿಗೆಯೂ ರಕ್ತವನ್ನು ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರವೂ ಇದ್ದರೆ ಸಾಕಾಗಿತ್ತು. ಆ ಉಪಾಯವನ್ನು ಕಂಡುಹಿಡಿದವರು ಜೂಡಿತ್ ಗ್ರಹಾಂ ಪೂಲ್ ಎಂಬ ಅಮೆರಿಕದ ವಿಜ್ಞಾನಿ. ಅವರ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ರಕ್ತ ನಿಲ್ಲುವುದು ಹೇಗೆ?

ರಕ್ತನಾಳದಲ್ಲಿ ತೂತು ಬಿದ್ದ ಕೂಡಲೇ ಮೊದಲು ನಾಳವೇ ಸ್ವಲ್ಪ ಸಂಕುಚಿಸುತ್ತದೆ. ಆಮೇಲೆ ರಕ್ತದಲ್ಲಿನ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಓಡಿಬಂದು ತೂತಿಗೆ ಅಂಟಿಕೊಂಡು ಒಂದು ಬಿರಡೆಯನ್ನು ಮಾಡುತ್ತವೆ. ಆದರೆ ಈ ಬಿರಡೆ ಹಸಿ ಮಣ್ಣಿನ ಕಟ್ಟೆಯಂತೆ. ಹೆಚ್ಚು ಹೊತ್ತು ನಿಲ್ಲದು. ಅದನ್ನು ಬಿಗಿಯಲು ಫೈಬ್ರಿನ್ ಎಂಬ ಪ್ರೋಟೀನಿನ ನೂಲುಗಳ ಬಲೆ ಬೇಕು. ಫೈಬ್ರಿನ್ ಸುಮ್ಮನೆ ರಕ್ತದಲ್ಲಿ ತೇಲುತ್ತಿರುವುದಿಲ್ಲ. ಹಾಗೆ ತೇಲುತ್ತಿದ್ದರೆ ನಮ್ಮ ರಕ್ತವೆಲ್ಲ ನಾಳದೊಳಗೇ ಗಟ್ಟಿಯಾಗುತ್ತಿತ್ತು! ಅದು ಫೈಬ್ರಿನೋಜನ್ ಎಂಬ ಕರಗಿದ ರೂಪದಲ್ಲಿ ಇರುತ್ತದೆ. ಪೆಟ್ಟು ಬಿದ್ದಾಗ ಮಾತ್ರ ಒಂದು ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತ, ಅದು ಮತ್ತೊಂದನ್ನು ಎಬ್ಬಿಸುತ್ತ, ಸಾಲಾಗಿ ಕೆಲಸ ನಡೆದು ಕೊನೆಗೆ ಫೈಬ್ರಿನ್ ತಯಾರಾಗುತ್ತದೆ. ಈ ಪ್ರೋಟೀನುಗಳಿಗೆ ಫ್ಯಾಕ್ಟರ್ ಅಥವಾ ಅಂಶಗಳೆಂದು ಹೆಸರು. ಅವುಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಾರೆ.

ಈ ಸಾಲಿನಲ್ಲಿ ಎಂಟನೆಯ ಅಂಶ ಇಲ್ಲದಿದ್ದರೆ ಅಥವಾ ತೀರ ಕಡಿಮೆಯಿದ್ದರೆ ಅದು ಹಿಮೋಫಿಲಿಯಾ 'ಎ'. ಒಂಬತ್ತನೆಯದು ಇಲ್ಲದಿದ್ದರೆ ಹಿಮೋಫಿಲಿಯಾ 'ಬಿ'. ಇವೆರಡರಲ್ಲಿ 'ಎ' ವಿಧವೇ ಹೆಚ್ಚು. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಇಂಥವರಿಗೆ ಗಾಯವಾದರೆ ರಕ್ತ ಬೇರೆಯವರಿಗಿಂತ ರಭಸವಾಗಿ ಸುರಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ರಭಸ ಎಲ್ಲರಿಗೂ ಒಂದೇ. ನಿಲ್ಲಬೇಕಾದ ಹೊತ್ತಿಗೆ ನಿಲ್ಲುವುದಿಲ್ಲ, ಅಷ್ಟೆ. ಚರ್ಮದ ಮೇಲಿನ ಗಾಯಕ್ಕಿಂತ ಕಣ್ಣಿಗೆ ಕಾಣದ ರಕ್ತಸ್ರಾವವೇ ಅವರಿಗೆ ಹೆಚ್ಚು ಕಷ್ಟ ಕೊಡುತ್ತದೆ. ಮಂಡಿ, ಮೊಣಕೈ, ಪಾದದ ಕೀಲುಗಳೊಳಗೆ ರಕ್ತ ತುಂಬಿ, ಮತ್ತೆ ಮತ್ತೆ ಹಾಗಾಗಿ, ಕೀಲು ಸವೆದು ಬಿಗಿದುಹೋಗುತ್ತದೆ. ತಲೆಯೊಳಗೆ ರಕ್ತ ಸುರಿದರೆ ಪ್ರಾಣಕ್ಕೇ ಅಪಾಯ.

ತಾಯಿಯಿಂದ ಮಗನಿಗೆ

ಈ ಕಾಯಿಲೆ ಬಹಳ ಹಳೆಯದು. ಮೊದಲಿಬ್ಬರು ಗಂಡುಮಕ್ಕಳು ಸುನ್ನತಿಯ ಗಾಯದಿಂದ ಸತ್ತಿದ್ದರೆ ಮೂರನೆಯವನಿಗೆ ಸುನ್ನತಿ ಬೇಡ ಎಂಬ ಮಾತು ಯಹೂದಿಗಳ ತಾಲ್ಮೂಡ್ ಗ್ರಂಥದಲ್ಲಿದೆ. 1803ರಲ್ಲಿ ಫಿಲಡೆಲ್ಫಿಯಾದ ವೈದ್ಯ ಜಾನ್ ಕಾನ್ರಾಡ್ ಆಟೋ ಅವರು ಒಂದು ಕುಟುಂಬದ ಹಲವು ತಲೆಮಾರುಗಳ ವೃತ್ತಾಂತ ಬರೆದು, ರಕ್ತಸ್ರಾವ ಗಂಡಸರಿಗೆ ಮಾತ್ರ ಕಾಣಿಸುತ್ತದೆ, ಆದರೆ ಅದನ್ನು ಮುಂದಿನವರಿಗೆ ದಾಟಿಸುವವರು ಹೆಂಗಸರು ಎಂದು ತೋರಿಸಿದರು. ಕಾರಣ ನಿಮಗೆ ಜೀವಶಾಸ್ತ್ರದ ಪಾಠದಿಂದ ಹೊಳೆದಿರಬಹುದು. ಎಂಟನೆಯ ಮತ್ತು ಒಂಬತ್ತನೆಯ ಅಂಶಗಳ ವಂಶವಾಹಿಗಳು 'ಎಕ್ಸ್' ವರ್ಣತಂತುವಿನ ಮೇಲಿವೆ. ಹೆಣ್ಣಿಗೆ ಎರಡು 'ಎಕ್ಸ್'ಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸಿಕೊಡುತ್ತದೆ. ಗಂಡಿಗೆ ಇರುವುದು ಒಂದೇ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಲಿಯೊಪೋಲ್ಡ್ 1884ರಲ್ಲಿ ಜಾರಿಬಿದ್ದು, ರಕ್ತಸ್ರಾವದಿಂದ 30ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಕೆಯ ಹೆಣ್ಣುಮಕ್ಕಳ ಮೂಲಕ ಕಾಯಿಲೆ ಯೂರೋಪಿನ ಬೇರೆ ಅರಮನೆಗಳನ್ನೂ ಹೊಕ್ಕಿತು. ರಷ್ಯದ ಯುವರಾಜ ಅಲೆಕ್ಸಿಯ ಕಥೆಯನ್ನು ನೀವು ಚರಿತ್ರೆಯಲ್ಲಿ ಓದಿರುತ್ತೀರಿ. ಅವನದು 'ಬಿ' ವಿಧದ ಹಿಮೋಫಿಲಿಯಾ ಎಂಬುದು ಮೂಳೆಗಳ ಡಿ.ಎನ್.ಎ. ಪರೀಕ್ಷೆಯಿಂದ 2009ರಲ್ಲಿ ಖಚಿತವಾಯಿತು. ಚಕ್ರವರ್ತಿಯ ಮಗನೇ ಆಗಲಿ, ರೈತನ ಮಗನೇ ಆಗಲಿ, ಅಂದು ಇದ್ದ ಮದ್ದು ಒಂದೇ: ಮಲಗಿಸಿ ಕಾಯುವುದು.

1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಎಂಬ ವೈದ್ಯರು ಒಂದು ವಿಚಿತ್ರ ಮದ್ದನ್ನು ಮುಂದಿಟ್ಟರು. ಅದು ರಸೆಲ್ಸ್ ವೈಪರ್ ಹಾವಿನ, ಎಂದರೆ ನಮ್ಮ ಗದ್ದೆ ಬಯಲುಗಳಲ್ಲಿರುವ ಕೊಳಕುಮಂಡಲದ ವಿಷ. ಅದನ್ನು ಬಹಳ ತೆಳುವಾಗಿಸಿ ಹಲ್ಲು ಕಿತ್ತ ಜಾಗಕ್ಕೆ ಹಚ್ಚಿದರೆ ರಕ್ತ ಅಲ್ಲಿಯೇ ಹೆಪ್ಪುಗಟ್ಟುತ್ತಿತ್ತು. ಆದರೆ ಕೀಲಿನೊಳಗೆ ಸುರಿಯುವ ರಕ್ತಕ್ಕೆ ಅದನ್ನು ಹಚ್ಚುವುದೆಲ್ಲಿ? ಮುಂದೆ 1937ರ ಹೊತ್ತಿಗೆ ಅಮೆರಿಕದ ಪಟೇಕ್ ಮತ್ತು ಟೇಲರ್, ಆರೋಗ್ಯವಂತರ ಪ್ಲಾಸ್ಮಾದಲ್ಲಿ, ಎಂದರೆ ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ಹಳದಿ ದ್ರವದಲ್ಲಿ, ಇವರ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವಿದೆ ಎಂದು ತೋರಿಸಿದರು. ಇಲ್ಲದ ವಸ್ತು ಎಲ್ಲಿದೆ ಎಂಬುದು ತಿಳಿಯಿತು. ಅದನ್ನು ಕೊಡುವುದು ಹೇಗೆ ಎಂಬುದೇ ಮುಂದಿನ ತೊಡಕು.

ಒಂದು ಲೆಕ್ಕ

ಆ ತೊಡಕನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಆರೋಗ್ಯವಂತನ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇರುವ ಎಂಟನೆಯ ಅಂಶವನ್ನು ಒಂದು ಯೂನಿಟ್ ಎನ್ನುತ್ತಾರೆ. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇಕಡ 2ರಷ್ಟು ಏರುತ್ತದೆ. ನನ್ನ ಸಹಪಾಠಿಯಂಥ 30 ಕಿಲೋಗ್ರಾಂ ತೂಕದ ಹುಡುಗನ ಮಂಡಿಯಲ್ಲಿ ರಕ್ತ ತುಂಬಿದೆ, ಮಟ್ಟವನ್ನು ಶೇಕಡ 40ಕ್ಕೆ ಏರಿಸಬೇಕು ಎನ್ನಿ. ಕಿಲೋಗ್ರಾಂಗೆ 20ರಂತೆ 600 ಯೂನಿಟ್ ಬೇಕು. ಎಂದರೆ ಕಡಿಮೆಯೆಂದರೂ 600 ಮಿಲಿಲೀಟರ್ ಪ್ಲಾಸ್ಮಾ!

ಆ ಹುಡುಗನ ಮೈಯಲ್ಲಿರುವ ಒಟ್ಟು ಪ್ಲಾಸ್ಮಾವೇ ಸುಮಾರು 1,200 ಮಿಲಿಲೀಟರ್. ಅದರ ಅರ್ಧದಷ್ಟನ್ನು ಹೊರಗಿನಿಂದ ತುಂಬಿದರೆ ಹೃದಯದ ಮೇಲೆ ಭಾರ ಬೀಳುತ್ತದೆ. ಅಷ್ಟು ಕೊಟ್ಟರೂ ನಿಶ್ಚಿಂತೆಯಿಲ್ಲ; 8ರಿಂದ 12 ಗಂಟೆಗಳಲ್ಲಿ ಕೊಟ್ಟ ಅಂಶದಲ್ಲಿ ಅರ್ಧ ಕರಗಿಹೋಗಿ, ಮತ್ತೆ ಕೊಡಬೇಕಾಗುತ್ತದೆ. ಸಾಲದುದಕ್ಕೆ ಎಂಟನೆಯ ಅಂಶ ಬಹಳ ನಾಜೂಕು. ಸಂಗ್ರಹಿಸಿಟ್ಟ ರಕ್ತದಲ್ಲಿ ಅದು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಹಂದಿ ಮತ್ತು ಎತ್ತಿನ ರಕ್ತದಿಂದ ಈ ಅಂಶವನ್ನು ತೆಗೆದು 1950ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಬಳಸಿ ನೋಡಿದರು. ಕೆಲವೇ ದಿನಗಳಲ್ಲಿ ರೋಗಿಯ ಮೈ ಅದನ್ನು ಪರಕೀಯವೆಂದು ತಳ್ಳಿಬಿಡುತ್ತಿತ್ತು. ಬೇಕಾದದ್ದು ಮನುಷ್ಯರ ಪ್ಲಾಸ್ಮಾದ ಎಂಟನೆಯ ಅಂಶ, ಆದರೆ ಅಷ್ಟೊಂದು ಪ್ಲಾಸ್ಮಾ ಅಲ್ಲ.

ಅಳೆದು ನೋಡುವ ಅಭ್ಯಾಸ

ಜೂಡಿತ್ ಗ್ರಹಾಂ ಹುಟ್ಟಿದ್ದು 1919ರ ಜೂನ್ 1ರಂದು, ನ್ಯೂಯಾರ್ಕ್ ನಗರದಲ್ಲಿ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 1938ರಲ್ಲಿ, ರಾಜ್ಯಶಾಸ್ತ್ರದ ವಿದ್ಯಾರ್ಥಿ ಇಥಿಯಲ್ ಡಿ ಸೋಲಾ ಪೂಲ್ ಅವರನ್ನು ಮದುವೆಯಾದರು. ಪತಿಗೆ ಕೆಲಸ ಸಿಕ್ಕ ಊರಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿದರು. ಇಬ್ಬರು ಗಂಡುಮಕ್ಕಳ ತಾಯಿಯಾದರು. ಓದನ್ನು ಮಾತ್ರ ಬಿಡಲಿಲ್ಲ. 1946ರಲ್ಲಿ ಷಿಕಾಗೋದಿಂದಲೇ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಅವರ ಸಂಶೋಧನೆ ರಕ್ತದ ಮೇಲಲ್ಲ, ಸ್ನಾಯುವಿನ ಮೇಲೆ. ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಮೊನೆಯ ಗಾಜಿನ ನಳಿಕೆಯನ್ನು ಒಂದೇ ಒಂದು ಸ್ನಾಯುತಂತುವಿನೊಳಗೆ ಚುಚ್ಚಿ, ಅದರ ವಿದ್ಯುತ್ ವಿಭವವನ್ನು ಅಳೆಯುವ ಕೆಲಸ. ಗುರು ರಾಲ್ಫ್ ಜೆರಾರ್ಡ್ ಅವರೊಡನೆ ಮಾಡಿದ ಈ ಕೆಲಸ ನರವಿಜ್ಞಾನದ ಚರಿತ್ರೆಯಲ್ಲಿ ಇಂದಿಗೂ ಹೆಸರಾಗಿದೆ.

ಇದನ್ನೇಕೆ ಹೇಳಿದೆನೆಂದರೆ, ಪೂಲ್ ಅವರು ವೈದ್ಯರಾಗಿರಲಿಲ್ಲ. ಅಳತೆಯಲ್ಲಿ ಪಳಗಿದ ವಿಜ್ಞಾನಿಯಾಗಿದ್ದರು. 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಸಂಶೋಧಕಿಯಾಗಿ ಸೇರಿ ರಕ್ತ ಹೆಪ್ಪುಗಟ್ಟುವಿಕೆಯ ಅಧ್ಯಯನಕ್ಕೆ ಇಳಿದಾಗ ಆ ಅಭ್ಯಾಸವನ್ನೇ ಜೊತೆಗೆ ತಂದರು. ರೋಗಿಗೆ ಪ್ಲಾಸ್ಮಾ ಕೊಟ್ಟೆವು, ರಕ್ತ ನಿಂತಿತು ಅಥವಾ ನಿಲ್ಲಲಿಲ್ಲ ಎಂಬಷ್ಟಕ್ಕೆ ಅವರಿಗೆ ತೃಪ್ತಿಯಿಲ್ಲ. ದಾನಿಯ ತೋಳಿನಿಂದ ರೋಗಿಯ ತೋಳಿನವರೆಗಿನ ದಾರಿಯಲ್ಲಿ ಎಂಟನೆಯ ಅಂಶ ಎಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕಳೆದುಹೋಗುತ್ತದೆ ಎಂಬುದನ್ನು ಅಳೆಯಹೊರಟರು. ಪ್ಲಾಸ್ಮಾ ಸಂಗ್ರಹ ಮತ್ತು ನೀಡಿಕೆಯ ಕುರಿತ ಇಂಥ ಅಳತೆಗಳನ್ನು 1959ರಲ್ಲಿ ಪ್ರಕಟಿಸಿದರು. ನಡುವೆ ಫುಲ್‌ಬ್ರೈಟ್ ವಿದ್ವಾಂಸರಾಗಿ ನಾರ್ವೆಯ ಆಸ್ಲೋದಲ್ಲಿಯೂ ಕೆಲಸ ಮಾಡಿ ಬಂದರು.

ಗಸಿಯಲ್ಲಿ ಸಿಕ್ಕಿದ್ದು

ನಾಜೂಕಾದ ಎಂಟನೆಯ ಅಂಶವನ್ನು ಉಳಿಸಲು ಪ್ಲಾಸ್ಮಾವನ್ನು ಹಿಮಗಟ್ಟಿಸಿ ಇಡುತ್ತಿದ್ದರು. ರೋಗಿಗೆ ಕೊಡುವ ಮೊದಲು ಅದನ್ನು ಬೆಚ್ಚಗೆ ಕರಗಿಸಿದರೆ ಎಲ್ಲವೂ ಒಂದಾಗಿ ಕರಗಿ ತಿಳಿಯಾದ ದ್ರವವಾಗುತ್ತದೆ. ಅದನ್ನೇ ಶೀತಲದಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಧಾನವಾಗಿ ಕರಗಲು ಬಿಟ್ಟರೆ ಹಾಗಾಗುವುದಿಲ್ಲ. ದ್ರವವೆಲ್ಲ ಕರಗಿದ ಮೇಲೂ ತಳದಲ್ಲಿ ಬಿಳಿಯ, ಎಳೆಎಳೆಯಾದ ಅಂಟು ಗಸಿಯೊಂದು ಉಳಿಯುತ್ತದೆ. ತುಪ್ಪ ಕಾಯಿಸಿದ ಪಾತ್ರೆಯ ತಳದ ಗಸಿ ನೆನಪಿಗೆ ಬಂದೀತು. ದೊಡ್ಡವರು ತಿಳಿತುಪ್ಪವನ್ನು ಬಸಿದುಕೊಂಡರೆ, ಗಸಿಯ ರುಚಿ ಗೊತ್ತಿರುವುದು ಮಕ್ಕಳಿಗೆ!

ಪೂಲ್ ಅವರು ಆ ಗಸಿಯಲ್ಲಿ ಎಂಟನೆಯ ಅಂಶ ಎಷ್ಟಿದೆ ಎಂದು ಅಳೆದರು. ಮೇಲಿನ ತಿಳಿಯಲ್ಲೂ ಅಳೆದರು. ತಿಳಿಯಲ್ಲಿ ಇದ್ದದ್ದು ಸ್ವಲ್ಪ. ಎಂಟನೆಯ ಅಂಶದ ದೊಡ್ಡ ಪಾಲು ಆ ಗಸಿಯಲ್ಲಿ ಕುಳಿತಿತ್ತು.

ಹೀಗೇಕಾಗುತ್ತದೆ? ಎಂಟನೆಯ ಅಂಶವು ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ವಾನ್ ವಿಲ್ಲೆಬ್ರಾಂಡ್ ಅಂಶ ಎಂಬ ದೊಡ್ಡ ಗಾತ್ರದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಆ ಪ್ರೋಟೀನೂ ಫೈಬ್ರಿನೋಜನ್ನೂ ಚಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಅವು ತಳಕ್ಕೆ ಇಳಿಯುವಾಗ ಎಂಟನೆಯ ಅಂಶವನ್ನೂ ಎಳೆದುಕೊಂಡು ಇಳಿಯುತ್ತವೆ. ಗ್ರೀಕಿನಲ್ಲಿ 'ಕ್ರಯೋ' ಎಂದರೆ ಕೊರೆಯುವ ಚಳಿ. ಆದುದರಿಂದ ಈ ಗಸಿಗೆ ಕ್ರಯೋಪ್ರೆಸಿಪಿಟೇಟ್ ಎಂಬ ಹೆಸರು ಬಂತು. ಆಸ್ಪತ್ರೆಗಳಲ್ಲಿ ಚುಟುಕಾಗಿ 'ಕ್ರಯೋ' ಎನ್ನುತ್ತಾರೆ.

ಇಬ್ಬರು ಸಹೋದ್ಯೋಗಿಗಳೊಡನೆ ಪೂಲ್ ಅವರು ಇದನ್ನು 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ, ಹಾವಿನ ವಿಷದ ಪ್ರಯೋಗ ಮಾಡಿದ್ದ ಮ್ಯಾಕ್‌ಫರ್ಲೇನ್ ಅವರು, ಹೆಪ್ಪುಗಟ್ಟಿಸುವ ಅಂಶಗಳು ಒಂದನ್ನೊಂದು ಎಬ್ಬಿಸುವ ಸಾಲಿನ ವಿವರಣೆಯನ್ನೂ ಕೊಟ್ಟರು. ಸಾಲು ಹೇಗಿದೆ ಎಂಬುದೂ, ಅದರಲ್ಲಿ ಕಳೆದುಹೋದ ಕೊಂಡಿಯನ್ನು ತುಂಬುವ ದಾರಿಯೂ ಒಂದೇ ವರ್ಷ ಮುದ್ರಣ ಕಂಡವು.

ಆದರೆ ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದು ಆಸ್ಪತ್ರೆಗೆ ತಲುಪಬೇಕಲ್ಲ? ಪೂಲ್ ಅವರು 1965ರಲ್ಲಿ ಸಹೋದ್ಯೋಗಿ ಶಾನನ್ ಅವರೊಡನೆ ಅದಕ್ಕೂ ದಾರಿ ತೋರಿಸಿದರು. ಒಂದಕ್ಕೊಂದು ಕೊಳವೆಯಿಂದ ಸೇರಿದ ಪ್ಲಾಸ್ಟಿಕ್ ಚೀಲಗಳಲ್ಲಿ ದಾನಿಯ ರಕ್ತ ಹಿಡಿಯುವುದು. ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಪ್ಲಾಸ್ಮಾವನ್ನು ಎರಡನೆಯ ಚೀಲಕ್ಕೆ ಒತ್ತಿ ಕಳಿಸಿ ಹಿಮಗಟ್ಟಿಸುವುದು. ಶೀತಲದಲ್ಲಿ ಕರಗಿಸಿ, ಮತ್ತೆ ತಿರುಗಿಸಿ, ತಿಳಿಯನ್ನು ರಕ್ತಕಣಗಳ ಚೀಲಕ್ಕೇ ಮರಳಿಸುವುದು. ಎರಡನೆಯ ಚೀಲದಲ್ಲಿ ಉಳಿಯುವುದು ಗಸಿ ಮಾತ್ರ. ಎಲ್ಲಿಯೂ ಚೀಲ ತೆರೆಯುವುದಿಲ್ಲ. ಹೊರಗಿನ ಗಾಳಿ, ಸೂಕ್ಷ್ಮಾಣು ಒಳಗೆ ಸೇರುವುದಿಲ್ಲ. ಒಬ್ಬ ದಾನಿಯ ರಕ್ತದಿಂದ ಇಬ್ಬರಿಗೆ ಉಪಕಾರ: ರಕ್ತಕಣಗಳು ಇನ್ನೊಬ್ಬ ರೋಗಿಗೆ, ಗಸಿ ಹಿಮೋಫಿಲಿಯಾದ ಹುಡುಗನಿಗೆ.

ಈಗ ನಮ್ಮ ಲೆಕ್ಕಕ್ಕೆ ಮರಳೋಣ. ಒಂದು ಚೀಲ ಕ್ರಯೋದಲ್ಲಿ ಸುಮಾರು 80 ಯೂನಿಟ್ ಇರುತ್ತದೆ, ಗಾತ್ರ 15 ಮಿಲಿಲೀಟರ್. 600 ಯೂನಿಟ್‌ಗೆ 8 ಚೀಲ ಸಾಕು. ಒಟ್ಟು ಸುಮಾರು 120 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಹೃದಯಕ್ಕೆ ಭಾರವಿಲ್ಲ. ಹಲ್ಲು ಕೀಳುವುದು, ಶಸ್ತ್ರಚಿಕಿತ್ಸೆ ಮಾಡುವುದು, ಕೀಲಿನ ರಕ್ತಸ್ರಾವವನ್ನು ಬೇಗ ನಿಲ್ಲಿಸುವುದು ಎಲ್ಲವೂ ಸಾಧ್ಯವಾದವು. ಇದು 'ಎ' ವಿಧದವರಿಗೆ ಮಾತ್ರ ಎಂಬುದನ್ನು ಮರೆಯಬೇಡಿ. ಒಂಬತ್ತನೆಯ ಅಂಶ ಗಸಿಗೆ ಇಳಿಯುವುದಿಲ್ಲ, ತಿಳಿಯಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಪೂಲ್ ಅವರು ಸ್ಟ್ಯಾನ್‌ಫರ್ಡಿನಲ್ಲಿ ಪ್ರೊಫೆಸರ್ ಆದದ್ದು 1972ರಲ್ಲಿ, ಸೇರಿದ 19 ವರ್ಷಗಳ ನಂತರ. ಆ ಹೊತ್ತಿಗೆ ಅವರು ವಿಜ್ಞಾನ ಕ್ಷೇತ್ರದ ಮಹಿಳೆಯರ ಸಂಘಟನೆಯಲ್ಲಿ ಮುಂದಾಳಾಗಿ ದುಡಿಯುತ್ತಿದ್ದರು. 1975ರ ಜುಲೈ 13ರಂದು ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಬೆಳಕಿನ ಜೊತೆಗೆ ನೆರಳು

ಕ್ರಯೋದಿಂದಲೂ ಮುಂದಕ್ಕೆ ಹೋಗಿ, ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ಕಂಪನಿಗಳು ಒಣ ಪುಡಿಯ ರೂಪದ ಸಾಂದ್ರ ಔಷಧಿಯನ್ನು ತಯಾರಿಸಿದವು. ಮನೆಯಲ್ಲಿಯೇ ಇಟ್ಟುಕೊಂಡು ಚುಚ್ಚಿಕೊಳ್ಳಬಹುದಾದ ಈ ಪುಡಿ 1970ರ ದಶಕದಲ್ಲಿ ಶ್ರೀಮಂತ ದೇಶಗಳ ರೋಗಿಗಳಿಗೆ ದೊಡ್ಡ ಸ್ವಾತಂತ್ರ್ಯ ತಂದಿತು. ಆದರೆ ಸಾವಿರ ಜನರ ಪ್ಲಾಸ್ಮಾ ಒಂದಾದಾಗ ಅವರಲ್ಲಿ ಒಬ್ಬರ ಸೋಂಕು ಎಲ್ಲದಕ್ಕೂ ಬೆರೆಯುತ್ತದೆ. ಹೆಪಟೈಟಿಸ್ ಹಾಗೆಯೇ ಹರಡಿತು. 1980ರ ದಶಕದಲ್ಲಿ ಎಚ್.ಐ.ವಿ. ಬಂದಾಗ ಅಮೆರಿಕದ ಹಿಮೋಫಿಲಿಯಾ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸೋಂಕಿಗೆ ತುತ್ತಾದರು. ಕ್ರಯೋ ಕೂಡ ರಕ್ತದಿಂದಲೇ ಬಂದದ್ದು, ಸೋಂಕಿನ ಭಯದಿಂದ ಪೂರ್ತಿ ಮುಕ್ತವಲ್ಲ. ಆದರೆ ಒಂದೊಂದು ಚೀಲವೂ ಒಬ್ಬನೇ ದಾನಿಯದಾದುದರಿಂದ ಅಪಾಯ ಕಡಿಮೆ.

ಈ ದುರಂತ ಸಂಶೋಧನೆಗೆ ವೇಗ ಕೊಟ್ಟಿತು. ಔಷಧಿಯನ್ನು ಕಾಯಿಸಿ ವೈರಸ್ಸನ್ನು ಕೊಲ್ಲುವ ವಿಧಾನ ಬಂತು. 1984ರಲ್ಲಿ ಎಂಟನೆಯ ಅಂಶದ ವಂಶವಾಹಿಯನ್ನು ಬೇರ್ಪಡಿಸಿದರು. 1992ರಲ್ಲಿ, ರಕ್ತದ ಹಂಗಿಲ್ಲದೆ ಜೀವಕೋಶಗಳಿಂದ ತಯಾರಿಸಿದ ಎಂಟನೆಯ ಅಂಶಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಚರ್ಮದಡಿ ಚುಚ್ಚಿದರೆ ವಾರಗಟ್ಟಲೆ ಕೆಲಸ ಮಾಡುವ ಎಮಿಸಿಜುಮಾಬ್ ಔಷಧಿಗೆ 2017ರಲ್ಲಿ ಅನುಮತಿ ದೊರೆಯಿತು. 2024ರ ಡಿಸೆಂಬರಿನಲ್ಲಿ ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ಹಿಮೋಫಿಲಿಯಾ 'ಎ' ಇದ್ದ ಐವರಿಗೆ ಅವರದೇ ಆಕರಕೋಶಗಳಲ್ಲಿ ಸರಿಯಾದ ವಂಶವಾಹಿಯನ್ನು ಸೇರಿಸಿ ನೀಡಿದ ಚಿಕಿತ್ಸೆಯ ವರದಿ ಪ್ರಕಟಿಸಿದರು.

ನಮ್ಮಲ್ಲಿ

ನಮ್ಮ ರಾಜ್ಯದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಈ ಕಾಯಿಲೆಯ ಬಗ್ಗೆ ಅರಿವು ಮೂಡಿಸಲು, ಚಿಕಿತ್ಸೆ ದೊರಕಿಸಲು ದುಡಿದಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವೂ ಸೇರಿದೆ. ಏಪ್ರಿಲ್ 17ನ್ನು ಜಗತ್ತಿನಾದ್ಯಂತ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಶುದ್ಧೀಕರಿಸಿದ ಔಷಧಿ ಸಿಗುವೆಡೆ ವೈದ್ಯರು ಅದನ್ನೇ ಕೊಡುತ್ತಾರೆ. ಸಿಗದ ಕಡೆ ಪೂಲ್ ಅವರ ಗಸಿ ಈಗಲೂ ಕೆಲಸಕ್ಕೆ ಬರುತ್ತದೆ. ಹೆರಿಗೆಯಲ್ಲಿಯೋ ಅಪಘಾತದಲ್ಲಿಯೋ ಬಹಳ ರಕ್ತ ಹೋಗಿ ಫೈಬ್ರಿನೋಜನ್ ಕುಸಿದವರಿಗೂ ಅದೇ ಕ್ರಯೋ ಕೊಡುವುದುಂಟು.

ಕೆಲವು ವರ್ಷಗಳ ಹಿಂದೆ ನನ್ನ ಆ ಸಹಪಾಠಿಯನ್ನು ಒಂದು ಮದುವೆಮನೆಯಲ್ಲಿ ಕಂಡೆ. ಊರುಗೋಲು ಹಿಡಿದಿದ್ದ. "ಹೇಗಿದ್ದೀಯೋ?" ಎಂದೆ. "ನನ್ನದು ಬಿಡೋ, ಇವನನ್ನು ನೋಡು" ಎಂದು ತಂಗಿಯ ಮಗನನ್ನು ತೋರಿಸಿದ. ಚಪ್ಪರದ ಸುತ್ತ ಬೇರೆ ಮಕ್ಕಳೊಡನೆ ಓಡುತ್ತಿದ್ದ ಹತ್ತು ವರ್ಷದ ಹುಡುಗ. ಅವನಿಗೂ ಅದೇ ಕಾಯಿಲೆ. ತಾಯಿಗೆ ಅಣ್ಣನ ಕಾಲು ನೆನಪಿತ್ತು. ಆದುದರಿಂದ ಮಗು ಅಂಬೆಗಾಲಿಟ್ಟು ಮಂಡಿ ನೀಲಿಗಟ್ಟಿದಾಗಲೇ ಪರೀಕ್ಷೆ ಮಾಡಿಸಿದ್ದಳು. ಸಮಯಕ್ಕೆ ಸರಿಯಾಗಿ ಆಸ್ಪತ್ರೆಯಲ್ಲಿ ಔಷಧಿ ಹಾಕಿಸುತ್ತಿದ್ದಳು. "ನಮ್ಮ ಕಾಲದಲ್ಲಿ ಇದು ಇರಲಿಲ್ಲವಲ್ಲ" ಎಂದ ಅವನು. ಇತ್ತು, ನಮ್ಮ ಊರಿನವರೆಗೆ ಬಂದಿರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮಿತ್ರರೇ, ನಿಮ್ಮ ತರಗತಿಯಲ್ಲೂ ಮರದ ಕೆಳಗೆ ಕುಳಿತು ಚೀಲ ಕಾಯುವ ಹುಡುಗನೊಬ್ಬ ಇರಬಹುದು. ಅವನ ಮಂಡಿ ಏಕೆ ಊದುತ್ತದೆ, ಪೆಟ್ಟು ಬೀಳದೆಯೂ ಮೈ ಏಕೆ ನೀಲಿಗಟ್ಟುತ್ತದೆ ಎಂದು ಕೇಳಿ. ನಗುವ ಮೊದಲು ಕೇಳಿ. ಅವನ ಮನೆಯವರಿಗೆ ಜಿಲ್ಲಾಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸುವಂತೆ ನಿಮ್ಮ ಮೇಷ್ಟರ ಮೂಲಕ ಹೇಳಿಸಿ. ಹದಿನೆಂಟು ತುಂಬಿದವರು ರಕ್ತದಾನ ಮಾಡಿ. ಪೂಲ್ ಅವರು ಗಸಿಯನ್ನು ಅಳೆದು ನೋಡಿ ದಾರಿ ತೋರಿಸಿ ಅರವತ್ತು ವರ್ಷ ದಾಟಿತು. ಅದು ಕೊನೆಯ ಊರಿನ ಕೊನೆಯ ಹುಡುಗನಿಗೆ ಸಕಾಲದಲ್ಲಿ ತಲುಪುವುದು ಇನ್ನು ನಮ್ಮ ಕೆಲಸ.